ಮೂರನೇ ಸಲವೂ ಗುಳ್ಳೆ

ಮಾರುತಿ ಜಿಪ್ಸಿಯ ಟ್ಯಾಪೆಟ್ ಕವರ್, ಅಂದರೆ ಎಂಜಿನ್‌ನ ಮೇಲಿನ ಮುಚ್ಚಳ, ಮೂರನೇ ಸಲ ಓವನ್‌ನಿಂದ ಹೊರಗೆ ಬಂದಾಗಲೂ ಅದೇ ಜಾಗದಲ್ಲಿ ಗುಳ್ಳೆ ಎದ್ದಿತ್ತು. ಹಿಂಬದಿಯ ಮೂಲೆ, ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪ್ ಸಿಕ್ಕಿಸುವ ಜಾಗದ ಪಕ್ಕ. ಸಾಸಿವೆ ಕಾಳಿನಷ್ಟು ದೊಡ್ಡವು ಎರಡು, ಅವುಗಳ ಸುತ್ತ ರವೆಯಷ್ಟು ಸಣ್ಣವು ಏಳೆಂಟು. ಉಳಿದ ಕಡೆಯೆಲ್ಲ ಕಪ್ಪು ಬಣ್ಣ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಶೆಡ್ಡಿನ ಟ್ಯೂಬ್‌ಲೈಟ್ ಅದರ ಮೇಲೆ ಗೆರೆ ಎಳೆದ ಹಾಗೆ ನೇರವಾಗಿ ಕಾಣುತ್ತಿತ್ತು. ನೋಡಿದವರು ಯಾರೂ ಗುಳ್ಳೆಯನ್ನು ಗಮನಿಸುತ್ತಿರಲಿಲ್ಲ. ಬಾನೆಟ್ ಒಳಗೆ, ಅದೂ ಹಿಂದಿನ ಮೂಲೆಯಲ್ಲಿ. ಆದರೆ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎರಡು ಸಲ ಬಣ್ಣ ಕಿತ್ತು, ಮೂರು ಸಲ ತೊಳೆದು, ಮೂರು ಸಲ ಹೊಡೆದಿದ್ದೇನೆ. ಹಾಗಿದ್ದರೂ ಅದೇ ಜಾಗದಲ್ಲೇ ಯಾಕೆ?

ಈ ಪ್ರಶ್ನೆ ನನ್ನನ್ನು ಸುಮಾರು ಒಂದು ತಿಂಗಳು ಕಾಡಿತು. ಉತ್ತರ ಸಿಕ್ಕ ಮೇಲೆ ಗೊತ್ತಾಗಿದ್ದು, ನಾನು ಈ ಕೆಲಸವನ್ನೇ ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದೆ ಅಂತ. ಮನೆಯಲ್ಲಿ ಪೌಡರ್ ಕೋಟಿಂಗ್, ಅಂದರೆ ಒಣ ಪುಡಿ ಹೊಡೆದು ಬೇಯಿಸಿ ಲೋಹಕ್ಕೆ ಬಣ್ಣ ಹಿಡಿಸುವ ಕೆಲಸ, ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಗನ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಪುಡಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ವಿಡಿಯೋಗಳಿಗಂತೂ ಲೆಕ್ಕವೇ ಇಲ್ಲ. ಎಲ್ಲರೂ ತೋರಿಸುವುದು ಪುಡಿ ಹೊಡೆಯುವ ಆ ಐದು ನಿಮಿಷವನ್ನು. ಅದರ ಹಿಂದಿನ ಎರಡು ದಿನವನ್ನು ಯಾರೂ ತೋರಿಸುವುದಿಲ್ಲ. ನನಗೆ ಹೇಳಬೇಕಾಗಿರುವುದು ಆ ಎರಡು ದಿನದ ಬಗ್ಗೆ.

ಮಾವನ ಗಾಡಿ

ಜಿಪ್ಸಿ ನನ್ನ ಸೋದರಮಾವನದು. 1997ರ ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬ್ಯುರೇಟರ್ ಇರುವ ಹಳೆ ಎಂಜಿನ್. ಸಕಲೇಶಪುರದ ಕಡೆ ಅವರ ಕಾಫಿ ತೋಟ. ಮಳೆಗಾಲದಲ್ಲಿ ಬೇರೆ ಯಾವ ಗಾಡಿಯೂ ಹತ್ತದ ಏರಿಗೆ ಅದು ಗೊಬ್ಬರದ ಮೂಟೆ ಹೊತ್ತುಕೊಂಡು ಹತ್ತಿದ್ದನ್ನು ನಾನು ಚಿಕ್ಕವನಿದ್ದಾಗ ಹಿಂದೆ ಕೂತು ನೋಡಿದ್ದೇನೆ. ಮೂರು ವರ್ಷ ಶೆಡ್ಡಿನಲ್ಲಿ ನಿಂತೇ ಇತ್ತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. "ನಿನಗೆ ಹುಚ್ಚು ಇದೆಯಲ್ಲ ಮಾರಾಯ, ತಗೊಂಡು ಹೋಗಿ ಸರಿ ಮಾಡು, ಕೊಳೆಯೋಕೆ ಬಿಡಬೇಡ" ಅಂದರು. ಮೈಸೂರಿಗೆ ತಂದೆ. ಎಂಜಿನ್ ಬಿಚ್ಚುವ ಕೆಲಸ ಮೆಕ್ಯಾನಿಕ್ ಮಾಡಿದರು. ಬಿಚ್ಚಿದ ಭಾಗಗಳನ್ನು ನಾನು ಒಂದೊಂದಾಗಿ ಮನೆಗೆ ತಂದೆ.

ಟ್ಯಾಪೆಟ್ ಕವರ್ ಎರಕದ ಅಲ್ಯೂಮಿನಿಯಂ. 27 ವರ್ಷದ ಎಣ್ಣೆ, ಧೂಳು, ತೋಟದ ಕೆಂಪು ಮಣ್ಣು ಎಲ್ಲ ಬೆಂದು ಒಂದು ಪದರ ಆಗಿತ್ತು. ಸ್ಪ್ರೇ ಡಬ್ಬಿ ತಗೊಂಡು ಬಣ್ಣ ಹೊಡೆಯಬಹುದಿತ್ತು. ಹಿಂದೆ ನನ್ನ ಹಳೆ ಬೈಕಿಗೆ ಹಾಗೆ ಮಾಡಿದ್ದೆ. ಎಂಜಿನ್ ಹತ್ತಿರ ಸ್ಪ್ರೇ ಬಣ್ಣ ಎಷ್ಟು ದಿನ ಬಾಳುತ್ತದೆ ಅಂತ ಗೊತ್ತಲ್ವಾ? ಒಂದೆರಡು ಸಲ ಪೆಟ್ರೋಲ್ ಬಿದ್ದರೆ, ಒಂದು ಸಲ ಸ್ಪ್ಯಾನರ್ ಜಾರಿದರೆ ಎದ್ದು ಬರುತ್ತದೆ. ಪೌಡರ್ ಬೇರೆ ಜಾತಿ. ಅದರಲ್ಲಿ ಥಿನ್ನರ್ ಇಲ್ಲ, ದ್ರವವೇ ಇಲ್ಲ. ನುಣ್ಣಗಿನ ಒಣ ಪುಡಿ. ಗನ್ನಿನ ತುದಿಯಲ್ಲಿರುವ ಸೂಜಿಗೆ ಸಾವಿರಾರು ವೋಲ್ಟ್ ಕೊಡುತ್ತಾರೆ, ಪುಡಿಗೆ ವಿದ್ಯುತ್ ಚಾರ್ಜ್ ಹತ್ತುತ್ತದೆ, ಅರ್ಥ್ ಮಾಡಿದ ಲೋಹಕ್ಕೆ ತಾನಾಗಿ ಹೋಗಿ ಅಂಟುತ್ತದೆ. ಆಮೇಲೆ 180ರಿಂದ 200 ಡಿಗ್ರಿ ಬಿಸಿಯಲ್ಲಿಟ್ಟರೆ ಕರಗಿ, ಹರಿದು, ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಬೆಸೆದರೆ ಮತ್ತೆ ಬಿಸಿ ಮಾಡಿದರೂ ಕರಗುವುದಿಲ್ಲ. 60ರಿಂದ 80 ಮೈಕ್ರಾನ್ ದಪ್ಪ ಅಂದರೆ ಹೆಚ್ಚುಕಡಿಮೆ ತಲೆಗೂದಲಿನಷ್ಟು. ಅಷ್ಟೇ ಪದರ, ಆದರೆ ಸ್ಪ್ಯಾನರ್ ಬಿದ್ದರೂ ಸುಲಭಕ್ಕೆ ಏಳುವುದಿಲ್ಲ.

ಬೀರುವಿನ ಓವನ್

ಓವನ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಯಾರೂ ರಾಜಿ ಮಾಡಿಕೊಳ್ಳಬಾರದು. ಅಡುಗೆಮನೆಯ ಓಟಿಜಿಯಲ್ಲಿ ಪೌಡರ್ ಬೇಯಿಸಿ, ಒರೆಸಿ, ಮಾರನೇ ದಿನ ಅದರಲ್ಲೇ ಕೇಕ್ ಮಾಡುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಬೇಯುವಾಗ ಬರುವ ಹೊಗೆ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಒರೆಸಿದರೆ ಹೋಗುವುದಿಲ್ಲ. ಒಮ್ಮೆ ಪೌಡರ್ ಕಂಡ ಓವನ್ ಮತ್ತೆ ಅನ್ನ ಕಾಣಬಾರದು. ಗ್ಯಾಸ್ ಓವನ್ ಅಂತೂ ಬೇಡವೇ ಬೇಡ. ಗಾಳಿಯಲ್ಲಿ ತೇಲುವ ನುಣ್ಣನೆ ಪುಡಿಗೆ ಬೆಂಕಿ ತಗುಲಿದರೆ ಅದು ಸ್ಫೋಟಿಸಬಲ್ಲದು. ಹಿಟ್ಟಿನ ಗಿರಣಿಗಳಲ್ಲಿ ಧೂಳಿಗೆ ಬೆಂಕಿ ಹತ್ತುವ ಹಾಗೆಯೇ ಇದೂ.

ನನ್ನ ಕವರ್ ಓಟಿಜಿಯಲ್ಲಿ ಹೇಗೂ ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ತುಕ್ಕು ಹಿಡಿದ ಅರ್ಧ ಎತ್ತರದ ಕಬ್ಬಿಣದ ಬೀರು ಒಂದಿತ್ತು. ಅದರ ಒಳಗೆ ಬಿಸಿ ಹೊರಹೋಗದ ಹಾಗೆ ತಡೆಯುವ ರಾಕ್‌ವೂಲ್ ತುಂಬಿ, ಮೇಲೆ ಜಿಂಕ್ ಶೀಟ್ ಹೊಡೆದು, 1500 ವಾಟ್‌ನ ಎರಡು ಹೀಟರ್ ಕಾಯಿಲ್ ಕೂರಿಸಿದೆ. ಟೆಂಪರೇಚರ್ ಕಂಟ್ರೋಲರ್, ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ಎರಡು ಕಾಯಿಲ್ ಒಟ್ಟಿಗೆ ಉರಿದರೆ 13 ಆಂಪಿಯರ್ ಎಳೆಯುತ್ತವೆ. ಅದಕ್ಕೇ ಅಂತ ಬೇರೆ ವೈರು, ಬೇರೆ ಎಂಸಿಬಿ ಹಾಕಿಸಿದೆ. ವೈರಿಂಗ್ ನಾನು ಮಾಡಲಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿದೆ. ಮೊದಲ ಸಲ ಖಾಲಿ ಬೀರುವನ್ನೇ ಕಾಯಿಸಿದಾಗ ಅದರ ಹಳೆ ಬಣ್ಣ ಸುಟ್ಟು ಎರಡು ಗಂಟೆ ಹೊಗೆ ಬಂತು. ಆ ಹೊಗೆ ಪೂರ್ತಿ ನಿಂತ ಮೇಲೇ ಕೆಲಸಕ್ಕೆ ತಗೊಂಡೆ. ಖಾಲಿ ಬೀರುವಿಗೆ ಹೊಗೆ ನಿಲ್ಲುವವರೆಗೆ ಕಾದವನು, ಕವರ್ ವಿಷಯದಲ್ಲಿ ಕಾಯಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಎಲ್ಲವನ್ನೂ ತಾರಸಿ ಮೇಲೆ ಇಟ್ಟುಕೊಂಡಿದ್ದೆ. ಗಾಳಿ ಚೆನ್ನಾಗಿ ಆಡುತ್ತದೆ ಅಂತ. ಮಾರ್ಚ್ ತಿಂಗಳು, ಅಮ್ಮ ಒಂದು ಕಡೆ ಸಂಡಿಗೆ ಒಣಗಲು ಹಾಕಿದ್ದರು. ಪಂಚೆಯ ಮೇಲೆ ಸಾಲಾಗಿ ಬಿಳಿ ಸಂಡಿಗೆ. ನಾನು ಗನ್ ಪರೀಕ್ಷೆಗೆ ಅಂತ ಒಂದು ತಗಡಿಗೆ ಸ್ವಲ್ಪವೇ ಪುಡಿ ಹೊಡೆದೆ. ಹತ್ತು ನಿಮಿಷದ ಮೇಲೆ ಅಮ್ಮ ಬಂದು ಒಂದು ಸಂಡಿಗೆ ಎತ್ತಿ ನನ್ನ ಮುಂದೆ ಹಿಡಿದರು. ಅದರ ಅಂಚಿನಲ್ಲಿ ಕಾಡಿಗೆ ಸವರಿದ ಹಾಗೆ ಕಪ್ಪು. ನನಗೂ ಸಂಡಿಗೆಗೂ ನಡುವೆ ಇಪ್ಪತ್ತು ಅಡಿ ಇತ್ತು. "ಇದು ನಿನ್ನ ಮೂಗಿಗೆ ಎಷ್ಟು ಹೋಗಿರಬಹುದು?" ಅಂತ ಕೇಳಿದರು. ಅಷ್ಟೂ ಸಂಡಿಗೆಯನ್ನು ಬಿಸಾಡಬೇಕಾಯಿತು. ಆ ಬೇಸರಕ್ಕಿಂತ ಆ ಪ್ರಶ್ನೆ ಜಾಸ್ತಿ ಚುಚ್ಚಿತು. ಅವತ್ತು ನಾನು ಬಟ್ಟೆ ಮಾಸ್ಕ್ ಹಾಕಿದ್ದೆ ಅಷ್ಟೇ. ಆಮೇಲೆ ಸರಿಯಾದ ಫಿಲ್ಟರ್ ಇರುವ ಮಾಸ್ಕ್ ತಂದೆ. ಕಾರ್ ಶೆಡ್ಡಿನಲ್ಲಿ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಅದರೊಳಗೇ ಭಾಗವನ್ನು ನೇತುಹಾಕಿ ಹೊಡೆಯಲು ಶುರು ಮಾಡಿದೆ. ಹೊಡೆಯುವಾಗ ಆ ಜಾಗದಲ್ಲಿ ಫ್ಯಾನ್ ಇಲ್ಲ, ಕಾಯಿಲ್ ಉರಿಯುವುದಿಲ್ಲ, ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಒಂದು, ಎರಡು, ಮೂರು

ಮೊದಲ ಸಲ ಗುಳ್ಳೆ ಬಂದಾಗ ಹೊರಗಡೆ ಜಿಡ್ಡು ಉಳಿದಿರಬೇಕು ಅಂದುಕೊಂಡೆ. ಸಹಜ ಅಲ್ವಾ? ಡೀಸೆಲ್‌ನಲ್ಲಿ ತೊಳೆದು, ಸೋಪಿನ ನೀರಲ್ಲಿ ಉಜ್ಜಿ, ಕೊನೆಗೆ ಅಸಿಟೋನ್‌ನಲ್ಲಿ ಒರೆಸಿದ್ದೆ. ಎಲ್ಲೋ ಬಿಟ್ಟುಹೋಗಿದೆ ಅಂತ ಪೇಂಟ್ ರಿಮೂವರ್ ಹಚ್ಚಿ ಕಿತ್ತು ಹಾಕಿದೆ. ಬೆಂದ ಪೌಡರ್ ಕೀಳುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಒಂದು ಭಾನುವಾರ ಪೂರ್ತಿ ಹೋಯಿತು. ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸು ಅಂತ ಒಬ್ಬರು ಹೇಳಿದರು. ಕಬ್ಬಿಣಕ್ಕೆ ಅದು ಸರಿ. ಅಲ್ಯೂಮಿನಿಯಂ ಅನ್ನು ಕಾಸ್ಟಿಕ್ ಸೋಡಾ ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬರುತ್ತದೆ. ಯಾರಾದರೂ ಅದನ್ನು ಮಾಡುವ ಯೋಚನೆಯಲ್ಲಿದ್ದರೆ ಇಲ್ಲೇ ನಿಲ್ಲಿಸಿ.

ಎರಡನೇ ಸಲ ಸ್ವಲ್ಪ ಓದಿಕೊಂಡಿದ್ದೆ. ಎರಕದ ಅಲ್ಯೂಮಿನಿಯಂ ನೋಡಲು ಗಟ್ಟಿ, ಆದರೆ ಒಳಗೆ ಇಡ್ಲಿಯ ಹಾಗೆ ಸಣ್ಣ ಸಣ್ಣ ತೂತು ಇರುತ್ತವೆ. ಎರಕ ಹೊಯ್ಯುವಾಗ ಸಿಕ್ಕಿಕೊಂಡ ಗಾಳಿಯ ಜಾಗ ಅವು. ವರ್ಷಗಟ್ಟಲೆ ಎಣ್ಣೆಯಲ್ಲಿ ನೆಂದ ಭಾಗದಲ್ಲಿ ಆ ತೂತುಗಳಿಗೂ ಎಣ್ಣೆ ಇಳಿದಿರುತ್ತದೆ. ಓವನ್‌ನಲ್ಲಿ ಬಿಸಿಯಾದಾಗ ಗಾಳಿ, ಎಣ್ಣೆ ಎರಡೂ ಹೊರಗೆ ನುಗ್ಗುತ್ತವೆ. ಮೇಲೆ ಪೌಡರ್ ಕರಗಿ ಪಾಕದ ಹಾಗೆ ಇರುತ್ತದೆ. ಅದರಲ್ಲಿ ಗುಳ್ಳೆ ಏಳುತ್ತದೆ, ಹಾಗೇ ಗಟ್ಟಿಯಾಗುತ್ತದೆ. ಇದಕ್ಕೆ ದಾರಿ ಅಂದರೆ ಪುಡಿ ಹೊಡೆಯುವ ಮೊದಲೇ ಬರಿ ಲೋಹವನ್ನು ಒಮ್ಮೆ ಬೇಯಿಸುವುದು, ಅದೂ ಆಮೇಲೆ ಬೇಯಿಸುವ ಬಿಸಿಗಿಂತ ಸ್ವಲ್ಪ ಜಾಸ್ತಿ ಬಿಸಿಯಲ್ಲಿ. 200 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಗುಳ್ಳೆ ಕಮ್ಮಿ ಆಯಿತು, ಹೋಗಲಿಲ್ಲ. ಮೂರನೇ ಸಲ 220 ಡಿಗ್ರಿ, 45 ನಿಮಿಷ. ಆ ಮೂಲೆಯಲ್ಲಿ ಮತ್ತೆ ಬಂತು.

ನಡುವೆ ಇನ್ನೊಂದು ತಪ್ಪು ಕೂಡ ಸಿಕ್ಕಿತು. ನಾನು ದೂರದಿಂದ ಗುರಿಯಿಟ್ಟು ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ನಂಬಿಕೊಂಡಿದ್ದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಮ್ಮಿ ತೋರಿಸುತ್ತದೆ. ಬಣ್ಣ ಇರುವ ಜಾಗಕ್ಕೆ ಹಿಡಿದರೆ ಒಂದು ಲೆಕ್ಕ, ಬರಿ ಲೋಹಕ್ಕೆ ಹಿಡಿದರೆ ಇನ್ನೊಂದು ಲೆಕ್ಕ. ಥರ್ಮೋಕಪಲ್‌ನ ತುದಿಯನ್ನು ಕವರ್‌ನ ಬೋಲ್ಟ್ ತೂತಿಗೇ ಕಟ್ಟಿ ನೋಡಿದ ಮೇಲೆ ನಿಜ ತಿಳಿಯಿತು. ಓವನ್ ಗಾಳಿ 200 ಮುಟ್ಟಿದ ಮೇಲೂ ಲೋಹ ಅಲ್ಲಿಗೆ ತಲುಪಲು ಹದಿನೈದು ನಿಮಿಷ ಹಿಡಿಯುತ್ತಿತ್ತು. ಪುಡಿಯ ಪ್ಯಾಕೆಟ್ ಮೇಲೆ ಬರೆದಿರುವ 10 ನಿಮಿಷ ಶುರುವಾಗುವುದು ಲೋಹ ಆ ಬಿಸಿ ಮುಟ್ಟಿದ ಮೇಲೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಅರ್ಧ ಬೆಂದ ಬಣ್ಣವನ್ನು ಎಂಜಿನ್ ಮೇಲೆ ಕೂರಿಸುತ್ತಾರೆ. ನೋಡಲು ಹೊಳೆಯುತ್ತದೆ, ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ. ಅಸಿಟೋನ್ ಅದ್ದಿದ ಬಟ್ಟೆಯಲ್ಲಿ ಒಂದು ಕಾಣದ ಮೂಲೆ ಉಜ್ಜಿ ನೋಡಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಹತ್ತಿದರೆ ಅದು ಬೆಂದಿಲ್ಲ.

ಹೆಬ್ಬಾಳದ ಶೆಡ್

ನಾಲ್ಕನೇ ಸಲಕ್ಕೆ ಕೈ ಹಾಕುವ ಮೊದಲು ಕವರ್ ತಗೊಂಡು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಜಾಬ್ ವರ್ಕ್ ಶೆಡ್ಡಿಗೆ ಹೋದೆ. ಗೇಟು, ಗ್ರಿಲ್ಲು, ಬೀರು, ಎಲೆಕ್ಟ್ರಿಕ್ ಪ್ಯಾನೆಲ್ ಪೆಟ್ಟಿಗೆ ಇಂಥದ್ದಕ್ಕೆಲ್ಲ ಪೌಡರ್ ಹೊಡೆಯುವ ಜಾಗ. ಒಳಗೆ ಹೋಗುತ್ತಿದ್ದ ಹಾಗೆ ಕಾಣುವುದು ಸಾಲಾಗಿ ಏಳು ತೊಟ್ಟಿ. ಜಿಡ್ಡು ತೆಗೆಯಲು ಒಂದು, ನೀರು, ತುಕ್ಕು ತೆಗೆಯಲು ಒಂದು, ಮತ್ತೆ ನೀರು, ಬಣ್ಣ ಚೆನ್ನಾಗಿ ಹಿಡಿಯಲು ಫಾಸ್ಫೇಟ್, ಮತ್ತೆ ನೀರು, ಕೊನೆಗೆ ತುಕ್ಕು ತಡೆಯುವ ಪ್ಯಾಸಿವೇಶನ್. ಸೆವೆನ್ ಟ್ಯಾಂಕ್ ಅಂತ ಬೋರ್ಡಿನಲ್ಲೇ ಬರೆದಿರುತ್ತಾರೆ. ನಾನು ಆ ಬೋರ್ಡನ್ನು ಎಷ್ಟೋ ಸಲ ನೋಡಿದ್ದೇನೆ, ಅದರ ಅರ್ಥ ತಲೆಗೆ ಹೋಗಿರಲಿಲ್ಲ. ಶೆಡ್ಡಿನ ಮುಕ್ಕಾಲು ಭಾಗ ತೊಳೆಯುವ ಜಾಗ. ಪುಡಿ ಹೊಡೆಯುವ ಬೂತ್ ಒಂದು ಮೂಲೆಯಲ್ಲಿ, ಅದರ ಪಕ್ಕ ಓವನ್.

ಅಲ್ಲಿ ಗನ್ ಹಿಡಿದು ಕೆಲಸ ಮಾಡುವವರು ಐವತ್ತರ ಆಸುಪಾಸಿನವರು. ಕವರನ್ನು ಕೈಗೆ ತಗೊಂಡು ಗುಳ್ಳೆ ನೋಡಲೇ ಇಲ್ಲ. ಸೀದಾ ತಿರುಗಿಸಿ ಒಳಭಾಗ ನೋಡಿದರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಮೂಸಿದರು.

"ಬರಿ ಲೋಹ ಬೇಯಿಸಿದಾಗ ಹೊಗೆ ಬಂತಾ ಸಾರ್?"

"ಬಂತು."

"ನೀವು ಆಚೆ ತೆಗೆದಾಗ ಹೊಗೆ ನಿಂತಿತ್ತಾ?"

ನಾನು ಯೋಚಿಸಿದೆ. ನಿಂತಿರಲಿಲ್ಲ. ಗಡಿಯಾರ ನೋಡಿ 45 ನಿಮಿಷ ಆಯಿತು ಅಂತ ತೆಗೆದಿದ್ದೆ. ತೆಳ್ಳಗೆ ಹೊಗೆ ಇನ್ನೂ ಏಳುತ್ತಿತ್ತು.

"ಟೈಮ್ ನೋಡಬೇಡಿ, ಹೊಗೆ ನೋಡಿ. ಇದರ ಹೊಟ್ಟೆಯಲ್ಲಿ ಇನ್ನೂ ಎಣ್ಣೆ ಇದೆ. ಈ ತಟ್ಟೆ ಬಿಚ್ಚಿದ್ರಾ?"

ಟ್ಯಾಪೆಟ್ ಕವರ್‌ನ ಒಳಗೆ ಬ್ರೀದರ್ ಪೈಪಿನ ಕೆಳಗೆ ಒಂದು ತಗಡಿನ ತಟ್ಟೆ ಇರುತ್ತದೆ. ಎಂಜಿನ್ ಓಡುವಾಗ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಎರಚುವ ಎಣ್ಣೆ ಸೀದಾ ಪೈಪಿಗೆ ಹೋಗದೆ ಇರಲಿ ಅಂತ ಇರುವ ಅಡ್ಡ ತಟ್ಟೆ ಅದು. ನಾನು ಅದನ್ನು ಮುಟ್ಟಿರಲಿಲ್ಲ. ಡೀಸೆಲ್‌ನಲ್ಲಿ ಮುಳುಗಿಸಿದ್ದೇನೆ, ಅದರ ಹಿಂದಕ್ಕೂ ಹೋಗಿ ತೊಳೆದಿರುತ್ತದೆ ಅಂದುಕೊಂಡಿದ್ದೆ. ಕಾಣುವ ಜಾಗವನ್ನೆಲ್ಲ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದ್ದೆ. ಕಾಣದ ಜಾಗವನ್ನು ಡೀಸೆಲ್‌ಗೆ ಬಿಟ್ಟಿದ್ದೆ.

"ನಿಮ್ಮ ಹತ್ತಿರ ಕೊಟ್ಟರೆ ಮಾಡಿಕೊಡುತ್ತೀರಾ?" ಅಂತ ಕೇಳಿದೆ. ಅವರು ಹೇಳಿದ ಮಾತು ನನಗೆ ಇಡೀ ವಿಷಯವನ್ನು ಬಿಡಿಸಿಟ್ಟಿತು. "ಮಾಡಬಹುದು ಸಾರ್. ಆದ್ರೆ ನಮ್ಮದು ಚದರ ಅಡಿ ಲೆಕ್ಕ. ಈ ಪೀಸಿಗೆ ಸಿಗೋ ದುಡ್ಡಲ್ಲಿ ಇದರ ತಟ್ಟೆ ಬಿಚ್ಚಿ, ಒಳಗೆ ಕೆರೆದು ಕೂತರೆ ನಮ್ಮ ದಿನ ಹೋಯ್ತು. ನಾವು ಹಾಗೇ ಹೊಡೀತೀವಿ, ಗುಳ್ಳೆ ಬರತ್ತೆ, ನೀವು ಬೈತೀರಿ. ನಿಮ್ಮ ಮನೇಲಿ ಟೈಮ್ ಇದೆ. ನೀವೇ ಮಾಡಿ."

ಅಲ್ಲಿಯವರೆಗೆ ನಾನು ಮನೆಯಲ್ಲಿ ಯಾಕೆ ಮಾಡುತ್ತಿದ್ದೇನೆ ಅಂತ ಯಾರಾದರೂ ಕೇಳಿದರೆ ದುಡ್ಡು ಉಳಿಯುತ್ತದೆ ಅಂತ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಉಳಿಯುವುದಿಲ್ಲ. ಗನ್ನು, ಕಂಪ್ರೆಸರ್, ಕಾಯಿಲ್, ಮಾಸ್ಕ್ ಎಲ್ಲ ಸೇರಿಸಿದರೆ ಇಂಥ ಹತ್ತಾರು ಕವರ್‌ಗಳನ್ನು ಶೆಡ್ಡಿಗೆ ಕೊಡಬಹುದಿತ್ತು. ಅವರ ಗನ್ ನನ್ನದಕ್ಕಿಂತ ಎಷ್ಟೋ ಪಾಲು ಒಳ್ಳೆಯದು, ಓವನ್‌ನಲ್ಲಿ ನಾಲ್ಕು ಜನ ನಿಲ್ಲಬಹುದು. ಯಾವ ಸಲಕರಣೆಯಲ್ಲೂ ನಾನು ಅವರ ಹತ್ತಿರಕ್ಕೂ ಬರುವುದಿಲ್ಲ. ನನ್ನ ಹತ್ತಿರ ಜಾಸ್ತಿ ಇರುವುದು ಸಮಯ ಒಂದೇ. ಒಂದು ಭಾಗದ ಹಿಂದೆ ಎರಡು ದಿನ ಕೂರುವ ಸಮಯ. ಮೂರು ಸಲವೂ ನಾನು ಉಳಿಸಲು ನೋಡಿದ್ದು ಅದನ್ನೇ. ಬೇಗ ತೊಳೆದು ಬೇಗ ಪುಡಿ ಹೊಡೆಯುವ ಆಸೆ.

ಹೊರಡುವಾಗ ಇನ್ನೊಂದು ವಿಷಯ ಮನಸ್ಸಿಗೆ ಕುಟುಕಿತು. ಬೂತ್‌ನಲ್ಲಿ ಅವರ ಜೊತೆ ಇದ್ದ ಹುಡುಗ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ನಾನು ತಿಂಗಳಿಗೊಮ್ಮೆ ಅರ್ಧ ಗಂಟೆ ಹೊಡೆಯಲು ಫಿಲ್ಟರ್ ಮಾಸ್ಕ್ ಹಾಕುತ್ತೇನೆ. ಅವನು ದಿನಕ್ಕೆ ಎಂಟು ಗಂಟೆ ಅಲ್ಲಿ ನಿಲ್ಲುತ್ತಾನೆ. ಮುಂದಿನ ಸಲ ಹೋದಾಗ ಎರಡು ಮಾಸ್ಕ್, ಒಂದು ಡಬ್ಬಿ ಫಿಲ್ಟರ್ ತಗೊಂಡು ಹೋಗಿ ಕೊಟ್ಟೆ. ಹಾಕಿಕೊಳ್ಳುತ್ತಾನೋ ಇಲ್ಲವೋ, ಕೇಳುವ ಹಕ್ಕು ನನಗಿಲ್ಲ. ಆದರೆ ನಮ್ಮ ಮನೆಗಳ ಗೇಟು, ಕಿಟಕಿಗಳ ಆ ನುಣುಪು ಯಾರ ಉಸಿರಿನಿಂದ ಬಂತು ಅಂತ ಒಮ್ಮೆಯಾದರೂ ಯೋಚಿಸಬೇಕು ಅನ್ನಿಸುತ್ತದೆ.

ತಟ್ಟೆಯ ಹಿಂದೆ

ಮನೆಗೆ ಬಂದು ತಟ್ಟೆ ಬಿಚ್ಚಿದೆ. ಹಿಂದೆ ಜೋನಿಬೆಲ್ಲದ ಹಾಗೆ ದಪ್ಪಗೆ, ಕಪ್ಪಗೆ, ಮೂಲೆಯಲ್ಲಿ ಎರಡು ಬೆರಳು ಅಗಲ ಕೂತಿತ್ತು. 1997ರಿಂದ ಕೂತಿದ್ದು. ಚಮಚದ ಹಿಡಿಯಲ್ಲಿ ಕೆರೆದು ತೆಗೆದೆ. ಓವನ್‌ನಲ್ಲಿ ಇದು ಬಿಸಿಯಾಗಿ, ತೆಳ್ಳಗಾಗಿ, ಬ್ರೀದರ್ ಪೈಪಿನ ಬೆಸುಗೆಯ ಸಂದಿಯಿಂದ, ಲೋಹದ ಆ ಸಣ್ಣ ತೂತುಗಳಿಂದ ಹೊರಗೆ ಜಿನುಗುತ್ತಿತ್ತು. ನಾನು ಎಷ್ಟು ಸಲ ಬೇಯಿಸಿದರೂ ಒಳಗಿನ ದಾಸ್ತಾನು ಹಾಗೇ ಇತ್ತು.

ಅಮ್ಮ ಪಕ್ಕದಲ್ಲಿ ಬಂದು ನಿಂತು ನೋಡಿದರು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ದೋಸೆ ಹೆಂಚು ಇದೆ. ಒಮ್ಮೆ ಯಾರೋ ನೆಂಟರು ಅದರಲ್ಲಿ ಮೀನು ಹುರಿದಿದ್ದರು, ಆಮೇಲೆ ಚೆನ್ನಾಗಿ ತೊಳೆದೇ ಇಟ್ಟಿದ್ದರು. ಎರಡು ವಾರ ನಮ್ಮ ಮನೆಯ ದೋಸೆಗೆಲ್ಲ ಮೀನಿನ ವಾಸನೆ. ಹೆಂಚು ತಣ್ಣಗಿದ್ದಾಗ ಮೂಗಿಟ್ಟು ಮೂಸಿದರೂ ಏನೂ ಇರುತ್ತಿರಲಿಲ್ಲ. "ಹೆಂಚಿನ ಹೊಟ್ಟೇಲಿ ಇದ್ದದ್ದು ಕಾದ ಮೇಲೇ ಹೊರಗೆ ಬರೋದು ಕಣೋ" ಅಂದರು. ಅವರು ಅದನ್ನು ಸರಿ ಮಾಡಿದ್ದು ಹೇಗೆ ಅಂತ ಕೇಳಿದೆ. ಒಲೆ ಮೇಲಿಟ್ಟು, ಹೊಗೆ ಪೂರ್ತಿ ಹೋಗುವವರೆಗೆ ಕಾಯಿಸಿ, ಉಪ್ಪು ಹಾಕಿ ತಿಕ್ಕಿ, ಮತ್ತೆ ಕಾಯಿಸಿ, ಹೀಗೆ ಮೂರು ಸಲ. ಹೆಬ್ಬಾಳದವರು ಹೇಳಿದ್ದೂ ಅದನ್ನೇ.

ನಾಲ್ಕನೇ ಸಲ ನಾನು ಗಡಿಯಾರ ಇಟ್ಟುಕೊಳ್ಳಲಿಲ್ಲ. 220 ಡಿಗ್ರಿಯಲ್ಲಿ ಇಟ್ಟು ಶೆಡ್ಡಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಹೊಗೆ ನಿಲ್ಲಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. ತಣ್ಣಗಾದ ಮೇಲೆ ನೋಡಿದರೆ ಮೇಲೆ ಕಂದು ಬಣ್ಣದ ಕಲೆ, ಲೋಹದ ಒಳಗಿಂದ ಬೆವರಿದ ಹಾಗೆ. ಅದನ್ನು ಅಸಿಟೋನ್‌ನಲ್ಲಿ ಒರೆಸಿ ಮತ್ತೆ ಬೇಯಿಸಿದೆ. ಎರಡನೇ ಸಲ ಕಲೆ ತೆಳ್ಳಗೆ. ಮೂರನೇ ಸಲ ಇಲ್ಲ. ಇದರ ನಡುವೆ ಗಾಳಿಯ ಜೋರಿನಲ್ಲಿ ಹರಳು ಹೊಡೆದು ಮೈ ಉಜ್ಜುವ ಬ್ಲಾಸ್ಟಿಂಗ್ ಕೂಡ ಆಯಿತು, ಹೊರಮೈಗೆ ಮಾತ್ರ. ಮರಳು ಬಳಸಲಿಲ್ಲ, ಅದರ ಧೂಳು ಶ್ವಾಸಕೋಶವನ್ನೇ ಹಾಳು ಮಾಡುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಹರಳು ಬಳಸಿದೆ. ತಟ್ಟೆ ಬಿಚ್ಚಿದ್ದರಿಂದ ಇನ್ನೊಂದು ದೊಡ್ಡ ಅಪಾಯವೂ ತಪ್ಪಿತು. ಆ ಹರಳು ತಟ್ಟೆಯ ಹಿಂದೆ ಸಿಕ್ಕಿಕೊಂಡಿದ್ದರೆ ಎಷ್ಟು ಊದಿದರೂ ಪೂರ್ತಿ ಬರುವುದಿಲ್ಲ. ಈ ಕವರ್‌ನ ಕೆಳಗೇ ಕ್ಯಾಮ್ ಶಾಫ್ಟ್ ತಿರುಗುತ್ತದೆ. ಎಂಜಿನ್ ಶುರು ಮಾಡಿದ ದಿನ ನಾಲ್ಕು ಹರಳು ಎಣ್ಣೆಗೆ ಬಿದ್ದರೆ ಸಾಕು. ಚೆಂದದ ಕವರ್‌ನಿಂದ ಎಂಜಿನ್ ಹಾಳಾಗುತ್ತದೆ. ಬಿಸಿನೀರು, ಸೋಪು, ಬ್ರಷ್, ಕಂಪ್ರೆಸರ್ ಗಾಳಿ, ಮತ್ತೆ ಬಿಸಿನೀರು. ಬಿಳಿ ಬಟ್ಟೆ ಒಳಗೆಲ್ಲ ಆಡಿಸಿದರೂ ಏನೂ ಹತ್ತದೇ ಇರುವ ತನಕ.

ಮಾಸ್ಕಿಂಗ್‌ಗೆ, ಅಂದರೆ ಪುಡಿ ಬೀಳಬಾರದ ಜಾಗ ಮುಚ್ಚುವುದಕ್ಕೆ, ಒಂದು ಸಂಜೆ ಹೋಯಿತು. ಗ್ಯಾಸ್ಕೆಟ್ ಕೂರುವ ತೋಡು, ಬೋಲ್ಟ್ ತಲೆ ಕೂರುವ ಜಾಗ, ಆಯಿಲ್ ಮುಚ್ಚಳದ ಥ್ರೆಡ್, ಬ್ರೀದರ್ ಪೈಪ್. ಬಿಸಿ ತಡೆಯುವ ಹಸಿರು ಟೇಪು, ಸಿಲಿಕೋನ್ ಬಿರಡೆ. ಬೋಲ್ಟ್ ಕೆಳಗೆ ಪೌಡರ್ ಬಿಡಬಾರದು. ಬಿಗಿದಾಗ ಅದು ನಿಧಾನಕ್ಕೆ ಅದುಮಿ ತೆಳ್ಳಗಾಗಿ ಬೋಲ್ಟ್ ಸಡಿಲ ಆಗುತ್ತದೆ. ಅರ್ಥ್ ವೈರು ಕಟ್ಟುವ ಬ್ರಾಕೆಟ್‌ಗಳಿಗೆ ಹೊಡೆದರೆ ಆ ಜಾಗದಲ್ಲಿ ಲೋಹ ಬರಿದಾಗೇ ಇರಬೇಕು, ಇಲ್ಲದಿದ್ದರೆ ಸ್ಟಾರ್ಟರ್ ಸರಿಯಾಗಿ ತಿರುಗದೆ ಬ್ಯಾಟರಿ ಮೇಲೆ ಸುಮ್ನೆ ಅನುಮಾನ ಪಡಬೇಕಾಗುತ್ತದೆ.

ಸಂದಿಗೆ ಹೋಗದ ಪುಡಿ

ಕವರ್ ಮೇಲೆ ಉಬ್ಬು ಗೆರೆಗಳಿವೆ. ಅವುಗಳ ನಡುವಿನ ಸಂದಿಗೆ ಪುಡಿ ಹೋಗುವುದೇ ಇಲ್ಲ. ಅಂಚಿನಲ್ಲಿ ರಾಶಿ ಬೀಳುತ್ತದೆ, ತಳ ಬೋಳಾಗಿ ಉಳಿಯುತ್ತದೆ. ಮೈಕೇಲ್ ಫ್ಯಾರಡೆ 1836ರಲ್ಲಿ ಲೋಹದ ಹಾಳೆ ಹೊದಿಸಿದ ಕೋಣೆ ಕಟ್ಟಿ, ಹೊರಗಿನಿಂದ ಎಷ್ಟು ವಿದ್ಯುತ್ ಚಾರ್ಜ್ ಕೊಟ್ಟರೂ ಒಳಗೆ ಅದು ಇರುವುದಿಲ್ಲ ಅಂತ ತೋರಿಸಿದ್ದರು. ಈ ಸಂದಿಯೂ ಅಂಥದ್ದೇ ಒಂದು ಅರ್ಧ ಕೋಣೆ. ಮೊದಲು ನಾನು ಗನ್ ಇನ್ನೂ ಹತ್ತಿರ ಹಿಡಿದು, ಇನ್ನೂ ಜೋರಾಗಿ ಹೊಡೆದೆ. ಇದ್ದ ಪುಡಿಯೂ ಹಾರಿಹೋಯಿತು. ಜೋರು ಮಾಡಿದರೆ ಆಗುವ ಕೆಲಸ ಅಲ್ಲ ಇದು. ಗಾಳಿ ಕಮ್ಮಿ ಮಾಡಬೇಕು, ವೋಲ್ಟೇಜ್ ಇಳಿಸುವ ಅವಕಾಶ ಇದ್ದರೆ ಇಳಿಸಬೇಕು, ಮೊದಲು ಸಂದಿಗಳಿಗೆ ಹೊಡೆದು ಆಮೇಲೆ ಬಯಲಿಗೆ ಬರಬೇಕು.

ಅದಕ್ಕೂ ಬಗ್ಗದಿದ್ದರೆ ಭಾಗವನ್ನು 100 ಡಿಗ್ರಿ ಆಸುಪಾಸು ಬಿಸಿ ಮಾಡಿ, ಬಿಸಿ ಇರುವಾಗಲೇ ಪುಡಿ ಹೊಡೆಯುವುದು. ಪುಡಿ ಮುಟ್ಟಿದ ಕಡೆಯೇ ಮೆತ್ತಗಾಗಿ ಅಂಟುತ್ತದೆ. ಇದು ಹೊಸದೇನಲ್ಲ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಈ ವಿದ್ಯೆಯನ್ನು ಶುರು ಮಾಡಿದ್ದೇ ಹೀಗೆ. ತೊಟ್ಟಿಯ ತಳದಿಂದ ಗಾಳಿ ಬಿಟ್ಟು ಪುಡಿಯನ್ನು ನೀರಿನ ಹಾಗೆ ತೇಲಿಸಿ, ಅದರಲ್ಲಿ ಬಿಸಿ ಲೋಹವನ್ನು ಅದ್ದುತ್ತಿದ್ದರು. ವಿದ್ಯುತ್ತಿನ ಗನ್ ಬಂದಿದ್ದು ಅದಾದ ಮೇಲೆ, 1960ರ ದಶಕದಲ್ಲಿ. ಗನ್ ಕೈ ಕೊಟ್ಟ ಸಂದಿಯಲ್ಲಿ ಗೆಮ್ಮರ್ ಅವರ ಹಳೆ ಉಪಾಯ ಕೆಲಸ ಮಾಡಿತು. ಬಿಸಿ ಲೋಹಕ್ಕೆ ಹೊಡೆಯುವಾಗ ಕೈ ತಡೆಯಬೇಕು ಅಷ್ಟೇ. ಜಾಸ್ತಿಯಾದರೆ ಇಳಿದು ದಪ್ಪ ಅಂಚು ಕಟ್ಟುತ್ತದೆ.

ಬಣ್ಣ ರಾಲ್ 9005 (ರಾಲ್ ಅಂದರೆ ಬಣ್ಣಗಳಿಗೆ ಸಂಖ್ಯೆ ಕೊಟ್ಟ ಪಟ್ಟಿ), ಅಚ್ಚ ಕಪ್ಪು, ಪಾಲಿಯೆಸ್ಟರ್ ಪುಡಿ. ಕೆಂಪು ಹೊಡೆ, ಸುಕ್ಕು ಸುಕ್ಕಿನ ಫಿನಿಶ್ ಹೊಡೆ ಅಂತ ಗೆಳೆಯರು ಹೇಳಿದರು. ಸುಕ್ಕು ಫಿನಿಶ್ ಹೊಡೆದರೆ ಸಣ್ಣಪುಟ್ಟ ಗುಳ್ಳೆ ಕಾಣುವುದಿಲ್ಲ ಅನ್ನುವುದು ನಿಜ. ಅದೇ ಕಾರಣಕ್ಕೆ ನನಗೆ ಬೇಡವಾಯಿತು. ಮೂರು ಸಲ ನನಗೆ ತಪ್ಪು ತೋರಿಸಿದ್ದೇ ನುಣುಪು ಕಪ್ಪು.

ಬೇಯುವಾಗ ಹನ್ನೆರಡನೇ ನಿಮಿಷಕ್ಕೆ ಕರೆಂಟ್ ಹೋಯಿತು. ಲೋಹ ಆಗಿನ್ನೂ 150 ದಾಟಿತ್ತು ಅಷ್ಟೇ. ಎದೆ ಧಸಕ್ ಅಂತು. ಬಾಗಿಲು ತೆಗೆಯಲಿಲ್ಲ. ರಾಕ್‌ವೂಲ್ ಬಿಸಿ ಹಿಡಿದುಕೊಂಡಿತ್ತು, ಥರ್ಮೋಕಪಲ್ ಅನ್ನು ಮಲ್ಟಿಮೀಟರಿಗೆ ಸಿಕ್ಕಿಸಿ ನೋಡುತ್ತಾ ಕೂತೆ. 150, 146, 141. ಒಂಬತ್ತು ನಿಮಿಷಕ್ಕೆ ಕರೆಂಟ್ ಬಂತು. 200 ಮುಟ್ಟಿದ ಮೇಲೆ ಲೆಕ್ಕವನ್ನು ಮೊದಲಿಂದ ಶುರು ಮಾಡಿ 15 ನಿಮಿಷ ಕೊಟ್ಟೆ. ತೆಗೆದಾಗ ಕತ್ತಲಾಗಿತ್ತು. ಟಾರ್ಚ್ ಹಿಡಿದು ಮೊದಲು ನೋಡಿದ್ದು ಆ ಮೂಲೆ. ಏನೂ ಇರಲಿಲ್ಲ.

ಇದನ್ನು ಓದಿ ಯಾರಾದರೂ ಶುರು ಮಾಡುವುದಿದ್ದರೆ ಒಂದು ಮಾತು. ಟ್ಯಾಪೆಟ್ ಕವರ್, ಬ್ರಾಕೆಟ್‌ಗಳು, ಏರ್ ಕ್ಲೀನರ್ ಡಬ್ಬಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಹೊರಮೈ ಇವೆಲ್ಲ ಮನೆಯಲ್ಲಿ ಆಗುವ ಕೆಲಸ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮುಟ್ಟಬೇಡಿ, ಅದರ ಬಿಸಿಗೆ ಪೌಡರ್ ಸುಟ್ಟು ಬೂದಿಯಾಗುತ್ತದೆ, ಅದಕ್ಕೆ ಸೆರಾಮಿಕ್ ಕೋಟಿಂಗ್ ಬೇರೆ ಇದೆ. ರಬ್ಬರ್ ಸೇರಿಸಿ ಮಾಡಿದ ಮೌಂಟು, ಪುಲ್ಲಿಗಳು ಓವನ್‌ನಲ್ಲಿ ಹಾಳಾಗುತ್ತವೆ. ಕಾರ್ಬ್ಯುರೇಟರ್ ಅಂತೂ ಬೇಡ. ಪಿಸ್ಟನ್, ಕನೆಕ್ಟಿಂಗ್ ರಾಡ್‌ನಂಥ ಎಂಜಿನ್ ಒಳಗೆ ಓಡುವ ಭಾಗಗಳಿಗೆ ಚೆಂದಕ್ಕೋಸ್ಕರ ಪೌಡರ್ ಹೊಡೆಯುವ ಯೋಚನೆಯೇ ತಪ್ಪು.

ಹೋದ ತಿಂಗಳು ಮಾವ ಬಂದಿದ್ದರು. ಜಿಪ್ಸಿ ಸ್ಟಾರ್ಟ್ ಆಗುತ್ತದೆ ಈಗ. ಬಾನೆಟ್ ಎತ್ತಿದೆ. ಕಪ್ಪು ಕವರ್ ಬಿಸಿಲಿಗೆ ಮಿಂಚುತ್ತಿತ್ತು. ಅವರು ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಬಗ್ಗಿ ಒಳಗೆ ನೋಡಿದರು. ಸುಮಾರು ಹೊತ್ತು ನೋಡಿದರು.

"ಒಳಗೂ ತೊಳೆದಿದ್ದೀಯ" ಅಂದರು.

ಮುಚ್ಚಳ ಮತ್ತೆ ಬಿಗಿದು, ಪಂಚೆಯ ತುದಿಯಲ್ಲಿ ಬೆರಳು ಒರೆಸಿಕೊಂಡು, ಏರ್ ಕ್ಲೀನರ್ ಡಬ್ಬಿಯನ್ನು ತಟ್ಟಿ, "ಇದರ ಮುಚ್ಚಳ ತುಕ್ಕು ಹಿಡಿದಿದೆ ನೋಡು ಮಾರಾಯ" ಅಂದರು. ಅದು ಭಾನುವಾರದಿಂದ ಡೀಸೆಲ್ ಬಕೆಟ್ಟಿನಲ್ಲಿ ನೆನೆಯುತ್ತಿದೆ.